ಪದ್ಯಕ್ಕೆ ಪಿಡಿಎಫ್, ಗದ್ಯಕ್ಕೆ ಇಪಬ್: ಹಳೆಗನ್ನಡದ ಟಿಪ್ಪಣಿ ಹಂಚಿ ನೋಡಿದ್ದು

“ಮೇಡಂ, ಫೈಲ್ ಓಪನ್ ಆಯ್ತು, ಆದ್ರೆ ಕನ್ನಡಾನೇ ಬರ್ತಿಲ್ಲ. ಬರೀ ಇಂಗ್ಲಿಷ್ ಅಕ್ಷರ, ನಡುನಡುವೆ ಪೌಂಡ್ ಗುರುತು.”

ಬಿ.ಎ. ವಿದ್ಯಾರ್ಥಿನಿಯೊಬ್ಬಳು ವಾಟ್ಸಾಪ್‌ನಲ್ಲಿ ಹೀಗೆ ಬರೆದಾಗ, ಹಳೆಗನ್ನಡದ ನಾಲ್ಕು ಸಾಲಿನ ಕಂದಪದ್ಯದ ಲಕ್ಷಣದ ಮೇಲೆ ಹತ್ತು ಪುಟದ ಟಿಪ್ಪಣಿಯನ್ನು ನಾನು ಆಗಷ್ಟೇ ವರ್ಡ್ ಫೈಲ್ ಮಾಡಿ ತರಗತಿಯ ಗುಂಪಿಗೆ ಹಾಕಿದ್ದೆ. ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆಯುವುದು ನನಗೆ ವರ್ಷಗಳ ರೂಢಿ. ಆ ಫಾಂಟಿನ ಫೈಲಿನೊಳಗೆ ಇರುವುದು ಕನ್ನಡದ ಸಂಕೇತಗಳಲ್ಲ, ಇಂಗ್ಲಿಷ್ ಅಕ್ಷರಗಳವು. ಫಾಂಟು ಅವಕ್ಕೆ ಕನ್ನಡದ ರೂಪ ತೊಡಿಸುತ್ತದೆ, ಅಷ್ಟೆ. ‘ಕ’ ಕಾಣುವಲ್ಲಿ ಒಳಗೆ ಇಂಗ್ಲಿಷಿನ ‘ಪಿ’ ಇರುತ್ತದೆ, ‘ನ’ ಕಾಣುವಲ್ಲಿ ಪೌಂಡಿನ ಗುರುತು. ಫಾಂಟು ನನ್ನ ಕಂಪ್ಯೂಟರಿನಲ್ಲಿತ್ತು, ಅವಳ ಫೋನಿನಲ್ಲಿ ಇರಲಿಲ್ಲ. ಅದನ್ನು ಯೋಚಿಸದೆ ಕಳಿಸಿದ್ದು ನನ್ನ ತಪ್ಪು. ಆ ಸೆಮಿಸ್ಟರಿನಲ್ಲೇ ಅದೇ ಟಿಪ್ಪಣಿಯನ್ನು ಬೇರೆಬೇರೆ ರೂಪದಲ್ಲಿ ಕಳಿಸಿ, ಯಾವುದು ಓದಲು ಬರುತ್ತದೆ ಎಂದು ಮಕ್ಕಳನ್ನೇ ಕೇಳುತ್ತಾ ಹೋದೆ.

ಮೊದಲು ಸುಲಭವೆಂದು ಫೋಟೊ ಹಿಡಿದೆ. ಪ್ರಿಂಟ್ ತೆಗೆದ ಹಾಳೆಗಳನ್ನು ಫೋನಿನಲ್ಲಿ ತೆಗೆದು ಹಾಕಿದರೆ ಎಲ್ಲರಿಗೂ ತೆರೆಯುತ್ತದೆ, ನಿಜ. ಆದರೆ ಫೋಟೊ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ, ಒತ್ತಕ್ಷರಗಳು ಮಸುಕಾಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಪುಟಕ್ಕೆ ಮೂರು ಎಂಬಿಯಂತೆ ಹತ್ತು ಪುಟಕ್ಕೆ ಮೂವತ್ತು ಎಂಬಿ. ಅದೇ ಟಿಪ್ಪಣಿ ಯೂನಿಕೋಡ್, ಅಂದರೆ ಕನ್ನಡಕ್ಕೆ ತನ್ನದೇ ಸಂಕೇತಗಳಿರುವ ಪಠ್ಯವಾಗಿದ್ದರೆ ನೂರು ಕೆಬಿಯೂ ಆಗುವುದಿಲ್ಲ. ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಹಿಡಿದರೂ ಅಷ್ಟೇ. ಬೋರ್ಡಿನ ಮೇಲೆ ಹಾಕಿದ ಪ್ರಸ್ತಾರವನ್ನು (ಪದ್ಯದ ಅಕ್ಷರಗಳಿಗೆ ಲಘು, ಗುರು ಗುರುತು ಹಾಕಿ ಗಣ ಬಿಡಿಸಿದ್ದನ್ನು) ಅಂದೇ ಕಳಿಸಲು ಫೋಟೊ ಸಾಕು, ಉಳಿದದ್ದಕ್ಕೆ ಬೇಡ.

ಆಮೇಲೆ ಟಿಪ್ಪಣಿಯನ್ನೆಲ್ಲ ಯೂನಿಕೋಡಿಗೆ ಬದಲಿಸಿದೆ. ಹಳೆಗನ್ನಡದ ಪಾಠ ಮಾಡುವವರು ಇಲ್ಲಿ ಅವಸರ ಮಾಡಬಾರದು. ಪರಿವರ್ತನೆಯಾದ ಮೇಲೆ, ಈಗ ಬಳಕೆಯಲ್ಲಿಲ್ಲದ ಹಳೆಗನ್ನಡದ ಅಕ್ಷರಗಳಾದ ಱ ಮತ್ತು ೞ ಇರುವ ಪದಗಳನ್ನು ಒಂದೊಂದಾಗಿ ನೋಡಬೇಕು. ನನ್ನ ಫೈಲಿನಲ್ಲಿ ಕೆಲವು ಕಡೆ ೞ ಇದ್ದಲ್ಲಿ ಳ ಬಂದು ಕೂತಿತ್ತು. ಎರಡಕ್ಕೂ ವ್ಯತ್ಯಾಸವಿದೆ ಎಂದು ತರಗತಿಯಲ್ಲಿ ಹೇಳಿ, ಕೈಗೆ ಕೊಡುವ ಹಾಳೆಯಲ್ಲಿ ಒಂದೇ ಮಾಡಿದರೆ ಪಾಠ ಹೇಳಿ ಏನು ಬಂತು?

ಈಗ ಪಿಡಿಎಫ್. ಇದರ ದೊಡ್ಡ ಗುಣ, ನಾನು ಇಟ್ಟದ್ದು ಇಟ್ಟಲ್ಲೇ ಇರುತ್ತದೆ, ಫಾಂಟೂ ಫೈಲಿನೊಳಗೇ ಹೋಗುತ್ತದೆ. ಛಂದಸ್ಸಿಗೆ ಇದು ಬೇಕೇಬೇಕು. ಕಂದದ ಒಂದು, ಮೂರನೇ ಸಾಲಿಗೆ 12 ಮಾತ್ರೆ, ಎರಡು, ನಾಲ್ಕನೇ ಸಾಲಿಗೆ 20; ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಅಕ್ಷರದ ನೆತ್ತಿಯ ಮೇಲೆ ಲಘು, ಗುರುವಿನ ಗುರುತು ನೇರ ಕೂರಬೇಕು, ನಾಲ್ಕು ನಾಲ್ಕು ಮಾತ್ರೆಯ ಗಣಗಳ ನಡುವಿನ ಗೆರೆ ಕದಲಬಾರದು. ಪಿಡಿಎಫ್‌ನಲ್ಲಿ ಅವು ಕದಲಲಿಲ್ಲ.

ಆದರೂ ದೂರು ಬಂತು: “ಚಿಕ್ಕದಾಗಿ ಕಾಣುತ್ತೆ ಮೇಡಂ, ಎಳೆದು ಎಳೆದು ಓದಬೇಕು.” ಸ್ಕೇಲ್ ಹಿಡಿದು ನೋಡಿದೆ. ಎ4 ಹಾಳೆಯ ಅಗಲ 210 ಮಿಲಿಮೀಟರ್, ಫೋನಿನ ಪರದೆಯದು ಸುಮಾರು 70. ನಾನು 12 ಪಾಯಿಂಟಿನಲ್ಲಿ ಟೈಪ್ ಮಾಡಿದ ಅಕ್ಷರ ಅವರ ಕಣ್ಣಿಗೆ 4 ಪಾಯಿಂಟ್ ಆಗಿ ಬೀಳುತ್ತಿತ್ತು. ಪುಟವನ್ನೇ ಎ6ಕ್ಕೆ ಇಳಿಸಿದೆ, ಅಂದರೆ 105ಕ್ಕೆ 148 ಮಿಲಿಮೀಟರ್. ಅಂಚು ಕಡಿಮೆ ಮಾಡಿ ಅಕ್ಷರವನ್ನು 14 ಪಾಯಿಂಟಿಗೆ ಏರಿಸಿದೆ. ಕಂದ ಅದರಲ್ಲಿ ಚೆನ್ನಾಗಿ ಕೂರುತ್ತದೆ. ಸಾಲಿಗೆ ಇಂತಿಷ್ಟೇ ಅಕ್ಷರ ಎಂದಿರುವ ವೃತ್ತಗಳಲ್ಲಿ ಚಂಪಕಮಾಲೆಯ ಸಾಲಿಗೆ 21 ಅಕ್ಷರ, ಮಹಾಸ್ರಗ್ಧರೆಗೆ 22, ಅವು ಹಿಡಿಸಲಿಲ್ಲ. ವೃತ್ತಗಳಿರುವ ಪುಟಗಳನ್ನು ಮಾತ್ರ ಅಡ್ಡಲಾಗಿಸಿದೆ. ಮಕ್ಕಳು ಅಲ್ಲಿ ಫೋನನ್ನು ಅಡ್ಡ ಹಿಡಿಯುತ್ತಾರೆ. ಇಡೀ ಪ್ರಯೋಗದಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ಬದಲಾವಣೆ ಇದೇ.

ಪಿಡಿಎಫ್‌ನ ಕೊರತೆ ಗೊತ್ತಾಗುವುದು ಹುಡುಕುವಾಗ. ‘ಕೀರ್ತಿ’ ಎಂದು ಟೈಪ್ ಮಾಡಿ ಹುಡುಕಿದರೆ, ಕಣ್ಣೆದುರೇ ಇರುವ ಪದ ಸಿಗಲಿಲ್ಲ. ನಾವು ಟೈಪ್ ಮಾಡುವಾಗ ‘ರ್’ ಮೊದಲು, ‘ತಿ’ ಆಮೇಲೆ. ಪುಟದ ಮೇಲೆ ಮಾತ್ರ ‘ತಿ’ ಮೊದಲು ಬಂದು, ಅರ್ಕಾವೊತ್ತು ಅದರ ಬಲಕ್ಕೆ ನಿಲ್ಲುತ್ತದೆ. ಪಿಡಿಎಫ್ ಮುಖ್ಯವಾಗಿ ನೆನಪಿಡುವುದು ಈ ಆಕಾರಗಳನ್ನೂ ಅವು ನಿಂತ ಜಾಗವನ್ನೂ. ಹಾಗಾಗಿ ಪಠ್ಯವನ್ನು ನಕಲು ಮಾಡಿದರೂ ಒತ್ತು, ಗುಣಿತ ಹಿಂದುಮುಂದಾಗುತ್ತವೆ.

ಇಪಬ್‌ನಲ್ಲಿ ಈ ತೊಂದರೆ ಇಲ್ಲ. ಇದು ಇ-ಪುಸ್ತಕಗಳ ಫೈಲ್ ರೂಪ, ಒಳಗೆ ವೆಬ್ ಪುಟದಂಥ ಪಠ್ಯವೇ ಇರುತ್ತದೆ, ಅಕ್ಷರ ದೊಡ್ಡದು ಮಾಡಿದರೆ ಸಾಲು ತಾನೇ ಹೊಂದಿಕೊಳ್ಳುತ್ತದೆ. ವರ್ಡ್‌ನಂಥದೇ ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್ 2018ರ 6.0 ಆವೃತ್ತಿಯಿಂದ ನೇರವಾಗಿ ಇಪಬ್ ಮಾಡಿಕೊಡುತ್ತದೆ. ಕವಿಪರಿಚಯ, ಭಾವಾರ್ಥ, ಪದಗಳ ಅರ್ಥ ಇವನ್ನೆಲ್ಲ ಇದರಲ್ಲಿ ಓದುವ ಸುಖವೇ ಬೇರೆ. ತೆರೆಯಲು ಕೆಲವರು ಒಂದು ಆಪ್ ಹಾಕಿಕೊಳ್ಳಬೇಕಾಯಿತು. ತರಗತಿಯಲ್ಲಿ ಹತ್ತು ನಿಮಿಷ ಕೂತು ತೋರಿಸಿದೆ, ಮುಗಿಯಿತು.

ಇಪಬ್ ಸೋತದ್ದು ಪದ್ಯದಲ್ಲಿ. ಕಂದದ ಎರಡನೇ ಸಾಲು ಪರದೆಯಲ್ಲಿ ಹಿಡಿಸದೆ ಮುರಿದು, ಕೊನೆಯ ಪದ ಕೆಳಗೆ ಬಿತ್ತು. ನಾಲ್ಕನೆಯದೂ ಹಾಗೇ. ನಾಲ್ಕು ಸಾಲಿನ ಪದ್ಯ ಆರು ಸಾಲಾಯಿತು. ಆದಿಪ್ರಾಸ ಹುಡುಕುವವರು ಪ್ರತಿ ಸಾಲಿನ ಎರಡನೇ ಅಕ್ಷರ ನೋಡಬೇಕಲ್ಲವೇ? ಒಬ್ಬ ಹುಡುಗ ಆರೂ ಸಾಲಿನಲ್ಲಿ ಹುಡುಕಿ, “ಈ ಪದ್ಯದಲ್ಲಿ ಪ್ರಾಸವೇ ಇಲ್ಲ” ಎಂದು ಬರೆದು ತಂದ. ಅವನು ಗಮನವಿಟ್ಟೇ ಓದಿದ್ದ, ಫೈಲು ಅವನಿಗೆ ಸುಳ್ಳು ಹೇಳಿತ್ತು.

ಯೂನಿಕೋಡಿನ ವರ್ಡ್ ಫೈಲನ್ನು ಈಗಲೂ ಒಂದೇ ಕೆಲಸಕ್ಕೆ ಬಳಸುತ್ತೇನೆ: ಮಕ್ಕಳು ತುಂಬಿ ಹಿಂದಿರುಗಿಸಬೇಕಾದ ಅಭ್ಯಾಸಗಳಿಗೆ. ಫೋನು ಬದಲಾದಂತೆ ಪುಟದ ಜೋಡಣೆ ಬದಲಾಗುತ್ತದೆ, ಅಭ್ಯಾಸಕ್ಕೆ ಅದು ಅಡ್ಡಿಯಲ್ಲ.

ಇವೆಲ್ಲವೂ ಈಗ ಒಂದೇ ಮೂಲ ಫೈಲಿನಿಂದ ಹೊರಡುತ್ತವೆ. ತಪ್ಪು ಕಂಡರೆ ಅಲ್ಲಿ ತಿದ್ದಿ, ಗದ್ಯವನ್ನು ಇಪಬ್, ಪದ್ಯ ಮತ್ತು ಪ್ರಸ್ತಾರವನ್ನು ಎ6 ಪಿಡಿಎಫ್ ಮಾಡಿ ಕಳಿಸುತ್ತೇನೆ. ಇಷ್ಟಾದರೂ ಒಬ್ಬ ವಿದ್ಯಾರ್ಥಿಗೆ ಸಾಲಲಿಲ್ಲ. ಅವನಿಗೆ ಕಣ್ಣು ಕಾಣುವುದಿಲ್ಲ, ಫೋನಿನ ಟಾಕ್‌ಬ್ಯಾಕ್ ಓದಿ ಹೇಳಿದ್ದನ್ನು ಕೇಳಿಸಿಕೊಂಡು ಕಲಿಯುತ್ತಾನೆ. ಫೋಟೊಗಳು ಅವನಿಗೆ ಏನನ್ನೂ ಹೇಳಿರಲಿಲ್ಲ. ಇಪಬ್ ಚೆನ್ನಾಗಿ ಓದುತ್ತಿತ್ತು, ಆದರೆ ಪ್ರಸ್ತಾರ ಬಂದಲ್ಲಿ ಗುರುತುಗಳನ್ನು ಬಿಟ್ಟು ಮುಂದೆ ಹೋಗುತ್ತಿತ್ತು. “ಗುರುತಿನ ಬದಲು ಮಾತಲ್ಲೇ ಬರೀತೀರಾ ಮೇಡಂ?” ಎಂದು ಕೇಳಿದ. ಈಗ ಇಪಬ್‌ನ ಕೊನೆಗೆ ಪ್ರತಿ ಪದ್ಯದ ಪ್ರಸ್ತಾರವನ್ನು ‘ಗುರು ಲಘು ಲಘು, ಲಘು ಗುರು ಲಘು’ ಎಂದು ಗಣಗಣಕ್ಕೆ ಅಲ್ಪವಿರಾಮ ಕೊಟ್ಟು ಬರೆಯುತ್ತೇನೆ. ಅಲ್ಪವಿರಾಮ ಬಂದಲ್ಲಿ ಫೋನಿನ ದನಿ ತುಸು ನಿಲ್ಲುತ್ತದೆ. ಆ ನಿಲುಗಡೆ ಎಣಿಸಿಯೇ ಅವನು ಮೊದಲ ಸಾಲಿಗೆ ಮೂರು ಗಣ, ಎರಡನೆಯದಕ್ಕೆ ಐದು ಎಂದು ಹೇಳಿದ.