ಪಿಕಪ್‌ನ ಎಂಜಿನ್ ಕಂಪ್ಯೂಟರ್ ಬದಲಿಸಿ ಎರಡು ವರ್ಷ: ರೀಕಂಡೀಷನ್ ಇಸಿಎಮ್ ಹೇಗಿದೆ?

ಇದು ರೀಕಂಡೀಷನ್ ಮಾಡಿದ, ಅಂದರೆ ಹಳೆಯದನ್ನೇ ರಿಪೇರಿ ಮಾಡಿ ಮಾರುವ ಇಸಿಎಮ್ (ಎಂಜಿನ್ ನಡೆಸುವ ಕಂಪ್ಯೂಟರ್). ನನ್ನ ಗಾಡಿಯ ಚಾಸಿಸ್ ನಂಬರಿಗೆ ಪ್ರೋಗ್ರಾಮ್ ಮಾಡಿಸಿಯೇ ತರಿಸಿಕೊಂಡೆ. ಪೆಟ್ರೋಲ್ ಎಂಜಿನ್ ಪಿಕಪ್‌ಗೆ ಹಾಕಿ ಎರಡು ವರ್ಷ ದಾಟಿದೆ. ಅಲ್ಲಿಂದ ಈಚೆಗೆ ಗಾಡಿ ಒಮ್ಮೆಯೂ ದಾರಿಯಲ್ಲಿ ನಿಂತಿಲ್ಲ. ತುಂಬಿದ ಲೋಡ್ ಹೊತ್ತಿದೆ, ಟ್ರೇಲರ್ ಎಳೆದಿದೆ, ಬಿಸಿಲಲ್ಲಿ ಬಹಳ ಹೊತ್ತು ಐಡಲ್‌ನಲ್ಲಿ ನಿಂತಿದೆ. ಕೊಳ್ಳಬಹುದು ಅಂತ ಧೈರ್ಯವಾಗಿ ಹೇಳುತ್ತೇನೆ. ಆದರೆ ಇದು ಇಷ್ಟು ಬಾಳಿಕೆ ಬಂದಿದ್ದಕ್ಕೆ ಅರ್ಧ ಕಾರಣ, ಹಾಕುವ ಮುಂಚೆ ಮಾಡಿದ ತಪಾಸಣೆ. ಅದನ್ನೇ ಇಲ್ಲಿ ಜಾಸ್ತಿ ಬರೆಯುತ್ತೇನೆ.

ಹಳೆಯದು ಒಂದೇ ಸಲಕ್ಕೆ ಸಾಯಲಿಲ್ಲ. ಎಂಜಿನ್ ತಣ್ಣಗಿದ್ದಾಗ ಸೆಲ್ಫ್ ಹೊಡೆದ ತಕ್ಷಣ ಸ್ಟಾರ್ಟ್ ಆಗುತ್ತಿತ್ತು. ಚೆನ್ನಾಗಿ ಕಾವೇರಿದ ಮೇಲೆ ಮೂರನೇ ಸಿಲಿಂಡರ್ ಮಿಸ್ಸಿಂಗ್ ಶುರು. ಸ್ವಲ್ಪ ಹೊತ್ತಿಗೆ ಎಂಜಿನ್ ಆಫ್. ಬಾನೆಟ್ ಎತ್ತಿ ತಣ್ಣಗಾಗಲು ಬಿಟ್ಟರೆ ಏನೂ ಆಗದ ಹಾಗೆ ಮತ್ತೆ ಓಡುತ್ತಿತ್ತು. ಸ್ಕ್ಯಾನರ್‌ನಲ್ಲಿ ಪಿ0303 ಮತ್ತು ಪಿ0606 ಕೋಡ್‌ಗಳು ಬಂದವು. ಮೊದಲನೆಯದು ಮೂರನೇ ಸಿಲಿಂಡರಿನ ಮಿಸ್‌ಫೈರ್. ಎರಡನೆಯದು ಕಂಪ್ಯೂಟರಿನ ಪ್ರೊಸೆಸರ್ ದೋಷ.

ಇಂಥ ಲಕ್ಷಣ ಕಂಡಾಗ ಎಲ್ಲರೂ ಮೊದಲು ಹೇಳುವುದು ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಸೆನ್ಸರ್) ಹೆಸರು. ಅದೂ ನ್ಯಾಯವೇ. ಆ ಸೆನ್ಸರ್ ಕೂಡ ಬಹಳ ಸಲ ಬಿಸಿಯಾದಾಗಲೇ ಕೈ ಕೊಡುತ್ತದೆ. ಎರಡರ ನಡುವಿನ ವ್ಯತ್ಯಾಸ ತಿಳಿಯಬೇಕಾದರೆ ಎಂಜಿನ್ ಆಫ್ ಆದ ಆ ಗಳಿಗೆಯಲ್ಲೇ ಸ್ಕ್ಯಾನರ್ ನೋಡಬೇಕು. ಹೋಗಿರುವುದು ಸೆನ್ಸರ್ ಆದರೆ ಕಂಪ್ಯೂಟರ್ ಇನ್ನೂ ಸ್ಕ್ಯಾನರ್ ಜೊತೆ ಮಾತಾಡುತ್ತಿರುತ್ತದೆ. ನನ್ನ ಗಾಡಿಯಲ್ಲಿ ಸಂಪರ್ಕವೇ ತಪ್ಪಿಹೋಗುತ್ತಿತ್ತು. ಸೆನ್ಸರ್‌ಗಳಿಗೆ ಹೋಗುವ 5 ವೋಲ್ಟ್ ಸಪ್ಲೈ ಕೂಡ ಮಾಯ.

ಹಾಗಂತ ಅಷ್ಟಕ್ಕೇ ಕಂಪ್ಯೂಟರ್ ತಲೆಗೆ ಕಟ್ಟುವ ಹಾಗಿಲ್ಲ. ಯಾವುದೋ ಒಂದು ಸೆನ್ಸರ್ ಒಳಗೆ ಶಾರ್ಟ್ ಆಗಿದ್ದರೂ 5 ವೋಲ್ಟ್ ಕುಸಿಯುತ್ತದೆ. ಸೆನ್ಸರ್ ಪ್ಲಗ್‌ಗಳನ್ನು ಒಂದೊಂದಾಗಿ ಬಿಚ್ಚುತ್ತಾ ಮೀಟರ್ ನೋಡಬೇಕು. ಯಾವುದನ್ನು ಬಿಚ್ಚಿದಾಗ ವೋಲ್ಟೇಜ್ ವಾಪಸ್ ಬರುತ್ತದೋ ಅದೇ ಕಳ್ಳ. ಇಸಿಎಮ್‌ಗೆ ಕರೆಂಟು ಕೊಡುವ ಮುಖ್ಯ ರಿಲೇ ಸತ್ತರೂ ಇದೇ ಲಕ್ಷಣ ಕಾಣುತ್ತದೆ. ಆದ್ದರಿಂದ ಇಸಿಎಮ್ ಪ್ಲಗ್‌ನಲ್ಲೇ ಬ್ಯಾಟರಿ ಕರೆಂಟು ಬರುತ್ತಿದೆಯಾ, ಅರ್ತ್ ಸರಿ ಇದೆಯಾ ನೋಡಿ. ಅರ್ತ್ ನೋಡುವಾಗ ಓಮ್ ಅಳೆದರೆ ಸಾಲದು. ಒಂದೇ ಒಂದು ಎಳೆ ತಾಮ್ರ ಉಳಿದಿದ್ದರೂ ಓಮ್ ಸರಿಯಾಗಿಯೇ ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗ ಇಸಿಎಮ್ ಅರ್ತ್ ಪಿನ್ನಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ವೋಲ್ಟೇಜ್ ಅಳೆಯಿರಿ. 0.1 ವೋಲ್ಟ್‌ಗಿಂತ ಕಡಿಮೆ ಇರಬೇಕು. ನನ್ನ ಗಾಡಿಯಲ್ಲಿ ಅದಕ್ಕಿಂತ ಜಾಸ್ತಿ ಇತ್ತು. ಚಾಸಿಸ್‌ಗೆ ಬಿಗಿದ ಅರ್ತ್ ಲಗ್ ಕೆಳಗೆ ತುಕ್ಕು. ಉಜ್ಜಿ ಬಿಗಿದ ಮೇಲೆ ಸರಿಹೋಯಿತು. ಆದರೂ ಎಂಜಿನ್ ಆಫ್ ಆಗುವುದು ನಿಲ್ಲಲಿಲ್ಲ.

ಕೊನೆಗೆ ಹೇರ್ ಡ್ರೈಯರ್ ತಂದು, ಎಂಜಿನ್ ಇನ್ನೂ ತಣ್ಣಗಿದ್ದಾಗ ಇಸಿಎಮ್ ಡಬ್ಬಿಯನ್ನು ಮಾತ್ರ ಮೆಲ್ಲಗೆ ಬಿಸಿ ಮಾಡಿದೆವು. ಸ್ವಲ್ಪ ಹೊತ್ತಿಗೇ ಆಫ್. ಅಲ್ಲಿಗೆ ಅನುಮಾನ ಮುಗಿಯಿತು. ಎಂಜಿನ್ ಪಕ್ಕದಲ್ಲೇ ಕೂತ ಬೋರ್ಡು ಪ್ರತಿ ಸಲವೂ ಬಿಸಿಯಾಗಿ ಹಿಗ್ಗುತ್ತದೆ, ತಣ್ಣಗಾಗಿ ಕುಗ್ಗುತ್ತದೆ. ಅದರ ಮೇಲೆ ಅಲುಗಾಟ ಬೇರೆ. ವರ್ಷಗಟ್ಟಲೆ ಹೀಗಾದರೆ ಸೋಲ್ಡರ್‌ನಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಬಿಸಿಗೆ ಆ ಬಿರುಕು ಬಾಯಿ ಬಿಡುತ್ತದೆ, ತಣ್ಣಗಾದರೆ ಕೂಡಿಕೊಳ್ಳುತ್ತದೆ.

ಮೂರನೇ ಸಿಲಿಂಡರ್ ಕಥೆ ಮಾತ್ರ ಬೇರೆ ಇತ್ತು. ಅದರ ಇಗ್ನಿಷನ್ ಕಾಯಿಲ್ (ಸ್ಪಾರ್ಕ್ ಪ್ಲಗ್‌ಗೆ ಕಿಡಿಯ ವೋಲ್ಟೇಜ್ ಕೊಡುವ ಭಾಗ) ಅಳೆದು ಉಳಿದವುಗಳ ಜೊತೆ ಹೋಲಿಸಿದರೆ ಓಮ್ ತೀರಾ ಕಡಿಮೆ. ಅರ್ಧಂಬರ್ಧ ಶಾರ್ಟ್ ಆಗಿತ್ತು. ನನ್ನ ಗಾಡಿಯಲ್ಲಿ ಕಾಯಿಲ್ ನಡೆಸುವ ಟ್ರಾನ್ಸಿಸ್ಟರ್ ಇರುವುದು ಇಸಿಎಮ್ ಒಳಗೇ. ಶಾರ್ಟ್ ಆದ ಕಾಯಿಲ್ ಜಾಸ್ತಿ ಕರೆಂಟು ಎಳೆದು ಅದನ್ನೇ ಸುಡುತ್ತದೆ. ಆ ಕಾಯಿಲ್ ಹಾಗೇ ಬಿಟ್ಟು ಹೊಸ ಕಂಪ್ಯೂಟರ್ ಹಾಕಿದರೆ ಹೊಸದಕ್ಕೂ ಅದೇ ಗತಿ. ರೀಕಂಡೀಷನ್ ಪೆಟ್ಟಿಗೆ ಮೂರೇ ತಿಂಗಳಲ್ಲಿ ಹೋಯಿತು ಅನ್ನುವ ದೂರು ಆಗಾಗ ಕೇಳುತ್ತೇವೆ ಅಲ್ವಾ, ಅಂಥ ಕಡೆ ಮೊದಲು ಕಾಯಿಲ್, ಇಂಜೆಕ್ಟರ್ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ. ನಾನು ಎಲ್ಲ ಕಾಯಿಲ್‌ಗಳನ್ನೂ ಬದಲಿಸಿದೆ. ಇದರಲ್ಲಿ ಉಳಿತಾಯ ನೋಡಬೇಡಿ.

ಗುಜರಿಯ ಹಳೆ ಇಸಿಎಮ್ ಯಾಕೆ ಬೇಡ ಅಂದರೆ, ಅದೂ ಅಷ್ಟೇ ವರ್ಷ ಅದೇ ಬಿಸಿಯಲ್ಲಿ ಬೆಂದಿರುತ್ತದೆ. ಜೊತೆಗೆ ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಗಾಡಿ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ಹಳೆ ಗಾಡಿಯ ಕೀಗೆ ಅಂಟಿಕೊಂಡಿರುತ್ತದೆ.

ಬಂದ ಪೆಟ್ಟಿಗೆಯ ಮೇಲಿನ ಪಾರ್ಟ್ ನಂಬರ್ ಹಳೆಯದರ ಜೊತೆ ಅಕ್ಷರ ಅಕ್ಷರ ಹೋಲಿಸಿದೆ. ಸರಿ ಇತ್ತು. ಬ್ಯಾಟರಿ ನೆಗೆಟಿವ್ ತೆಗೆದು, ಪ್ಲಗ್‌ಗಳ ಒಳಗೆ ಹಸಿರು ಕಿಲುಬು ಇಲ್ಲವೆಂದು ನೋಡಿ ಕೂರಿಸಿದೆವು. ಕೂರಿಸುವುದು ಸುಲಭ. 'ಹಾಕಿ ಓಡಿಸಿ' ಅಂತ ಜಾಹೀರಾತು ಹೇಳುವಷ್ಟು ಸುಲಭ ಮಾತ್ರ ಅಲ್ಲ. ಕೀ ಹೊಂದಿಸಬೇಕಾಯಿತು. ಆಮೇಲೆ ಸ್ಕ್ಯಾನರ್‌ನಿಂದ ಕ್ರ್ಯಾಂಕ್ ರೀಲರ್ನ್, ಅಂದರೆ ಕ್ರ್ಯಾಂಕ್ ಸೆನ್ಸರ್ ಸಿಗ್ನಲ್ಲನ್ನು ಹೊಸ ಕಂಪ್ಯೂಟರಿಗೆ ಕಲಿಸುವ ಕೆಲಸ, ಮಾಡಬೇಕಾಯಿತು. ಅದನ್ನು ಮಾಡದಿದ್ದರೆ ಮಿಸ್‌ಫೈರ್ ಲೆಕ್ಕ ಸರಿ ಬರುವುದಿಲ್ಲ. ಇದರ ಬಗ್ಗೆ ಪೆಟ್ಟಿಗೆಯಲ್ಲಿದ್ದ ಹಾಳೆಯಲ್ಲಿ ಒಂದು ಸಾಲೂ ಇಲ್ಲ. ಇಷ್ಟು ಒಳ್ಳೆಯ ಕೆಲಸ ಮಾಡಿದವರು ಒಂದು ಪುಟ ಬರೆದುಕೊಡಬಾರದಾ ಅಂತ ಬೇಜಾರಾಯಿತು. ನಿಮ್ಮ ಗಾಡಿಗೆ ಸಾಫ್ಟ್‌ವೇರ್ ಅಲ್ಲೇ ತುಂಬಬೇಕಾಗಿ ಬಂದರೆ ಬ್ಯಾಟರಿ ವೋಲ್ಟೇಜ್ ಬೀಳದ ಹಾಗೆ ಒಳ್ಳೆಯ ಸಪ್ಲೈ ಕೊಡಲು ಹೇಳಿ. ನಡುವೆ ಕರೆಂಟು ಕುಸಿದರೆ ಹೊಸ ಇಸಿಎಮ್ ಅಲ್ಲಿಗೇ ಕೆಡಬಹುದು.

ಪಿಕಪ್ ಇಟ್ಟವರು ಗಮನಿಸಬೇಕಾದ ಇನ್ನೊಂದು ವಿಷಯ ಇದೆ. ಒಂದೇ ಮಾಡೆಲ್ ಪಿಕಪ್ ಬೇರೆ ಬೇರೆ ಆಕ್ಸಲ್ ರೇಷಿಯೋದಲ್ಲಿ (ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನುವ ಲೆಕ್ಕ) ಬರುತ್ತದೆ. ಒಂದರಲ್ಲಿ 3.42, ಇನ್ನೊಂದರಲ್ಲಿ 3.73, ಭಾರ ಎಳೆಯುವುದರಲ್ಲಿ 4.10 ಹೀಗೆ. ಚಾಸಿಸ್ ನಂಬರಿಗೆ ಪ್ರೋಗ್ರಾಮ್ ಮಾಡಿದರೆ ಕಂಪನಿಯಿಂದ ಬಂದಾಗಿನ ಲೆಕ್ಕವೇ ಬರುತ್ತದೆ. ನನ್ನದರಲ್ಲಿ ಟೈರ್ ದೊಡ್ಡದು. ಹಾಗಾಗಿ ಮೊದಲ ದಿನವೇ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಿತು. ಜಿಪಿಎಸ್ ಜೊತೆ ಹೋಲಿಸಿ, ಸ್ಕ್ಯಾನರ್‌ನಲ್ಲಿ ಟೈರ್ ಅಳತೆ ತಿದ್ದಿಸಿದೆ. ಗೇರ್‌ಬಾಕ್ಸ್ ಕೂಡ ಇದೇ ಪೆಟ್ಟಿಗೆಯ ಕೈಯಲ್ಲಿದೆ. ಮೊದಮೊದಲು ಗೇರ್ ಬದಲಾದಾಗ ಝಟ್ ಅಂತ ಎಳೆತ ಬರುತ್ತಿತ್ತು. ಕಲಿತದ್ದೆಲ್ಲ ಅಳಿಸಿಹೋಗಿರುತ್ತದೆ, ಓಡಿಸುತ್ತಾ ಮತ್ತೆ ಕಲಿಯುತ್ತದೆ. ಕೆಲವು ವಾರದಲ್ಲಿ ಮೃದುವಾಯಿತು. ಸ್ಕ್ಯಾನರ್ ಹಾಕಿ ನೋಡುವ ಹೊಗೆ ತಪಾಸಣೆಗೆ ಮಾತ್ರ ತಕ್ಷಣ ಹೋಗಬೇಡಿ. ಕಂಪ್ಯೂಟರಿನ ಸ್ವಯಂ ಪರೀಕ್ಷೆಗಳು ಮುಗಿಯುವವರೆಗೆ 'ರೆಡಿ' ಅಂತ ತೋರಿಸುವುದಿಲ್ಲ.

ಈಗ ಲಾಂಗ್ ಟರ್ಮ್ ಫ್ಯುಯಲ್ ಟ್ರಿಮ್ (ಪೆಟ್ರೋಲ್ ಪ್ರಮಾಣಕ್ಕೆ ಕಂಪ್ಯೂಟರ್ ಮಾಡಿಕೊಳ್ಳುವ ತಿದ್ದುಪಡಿ) ಸೊನ್ನೆಯ ಹತ್ತಿರವೇ ಇರುತ್ತದೆ. ಐಡಲ್ ಸ್ಥಿರ. ಪಿ0606 ಮತ್ತೆ ಬಂದಿಲ್ಲ. ಅರ್ತ್ ಪಾಯಿಂಟುಗಳನ್ನು ಪ್ರತಿ ಸರ್ವೀಸಿಗೂ ಬಿಚ್ಚಿ ಉಜ್ಜುತ್ತೇವೆ. ಬೋರ್ಡ್ ಮೇಲೆ ಜೆಲ್ ಸುರಿದು ಮುಚ್ಚಿರುವುದರಿಂದ ನೀರು, ಅಲುಗಾಟಕ್ಕೆ ಒಳ್ಳೆಯದು. ಮುಂದೆ ಕೆಟ್ಟರೆ ಊರಿನ ಎಲೆಕ್ಟ್ರಾನಿಕ್ಸ್ ರಿಪೇರಿಯವರಿಗೆ ತೆರೆದು ನೋಡುವುದು ಕಷ್ಟ. ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿತ ಆ ಖಾಲಿ ಹಾಳೆಗೆ.

ನಿಮ್ಮ ಹಳೆ ಇಸಿಎಮ್ ಇನ್ನೂ ಆಗಾಗ ಉಸಿರಾಡುತ್ತಿದ್ದರೆ ಪೂರ್ತಿ ಸಾಯುವ ತನಕ ಕಾಯಬೇಡಿ. ಅದು ಸ್ಕ್ಯಾನರ್ ಜೊತೆ ಮಾತಾಡುವಾಗಲೇ ಒಳಗಿನ ಡೇಟಾ ಓದಿಸಿ ಇಟ್ಟುಕೊಳ್ಳಿ. ಅನೇಕ ಗಾಡಿಗಳಲ್ಲಿ ಅದನ್ನೇ ಹೊಸದಕ್ಕೆ ಕಾಪಿ ಮಾಡಬಹುದು. ಕೀ ಹೊಂದಿಸುವ ರಗಳೆ ತಪ್ಪುತ್ತದೆ. ಹಳೆಯದನ್ನು ವಾಪಸ್ ಕಳಿಸಿದರೆ ಠೇವಣಿ ಸಿಗುತ್ತದೆ ಅಂತ ಮೊದಲ ದಿನವೇ ಪ್ಯಾಕ್ ಮಾಡಬೇಡಿ. ವಾಪಸಿನ ಗಡುವು ಎಷ್ಟು ಅಂತ ಮೊದಲೇ ಕೇಳಿಕೊಂಡು, ಹೊಸದು ಬಿಸಿಲಲ್ಲೂ ಲೋಡ್‌ನಲ್ಲೂ ಓಡಿದ್ದನ್ನು ನೋಡಿ ಆಮೇಲೆ ಕಳಿಸಿ.