ಗಣೆ, ಉರುಮೆ, ತಮಟೆ ದಾಖಲಿಸುವವರು ಈ ರೆಕಾರ್ಡರ್ ಕೊಳ್ಳಬೇಡಿ

ಶಿರಾ ತಾಲ್ಲೂಕಿನ ಕಾಡುಗೊಲ್ಲರ ಹಟ್ಟಿಯೊಂದರಲ್ಲಿ ರಾತ್ರಿಯಿಡೀ ನಡೆದ ಅವರ ಸಾಂಸ್ಕೃತಿಕ ವೀರ ಜುಂಜಪ್ಪನ ಕಾವ್ಯದ ಹಾಡಿಕೆ ಪೂರ್ತಿ ರೆಕಾರ್ಡ್ ಆಗಿದೆ. ಆದರೆ ಕೇಳುವಂಥದ್ದು ಅದರಲ್ಲಿ ಏನೂ ಉಳಿದಿಲ್ಲ. ಉರುಮೆ ಎಂಬ ಚರ್ಮವಾದ್ಯದ ಪೆಟ್ಟು ಬಿದ್ದಾಗಲೆಲ್ಲ ಹಾಡುವವರ ದನಿ ಮುಳುಗುತ್ತದೆ. ಮೂರ್ನಾಲ್ಕು ಸೆಕೆಂಡು ಕಳೆದ ಮೇಲೆ ನಿಧಾನಕ್ಕೆ ಮೇಲೇಳುತ್ತದೆ, ಏಳುವಾಗ ಜನರೇಟರ್ ಸದ್ದನ್ನೂ ಜೊತೆಗೆ ಎಳೆದುಕೊಂಡು ಬರುತ್ತದೆ. ಬಿದಿರಿನ ಉದ್ದ ಕೊಳಲಾದ ಗಣೆಯನ್ನು ಊದಿದ ಕಡೆಯೆಲ್ಲ ನೀರೊಳಗಿಂದ ಬಂದಂಥ ಗುಳುಗುಳು ಸದ್ದು. ಬಳಸಿದ್ದು ಆನ್‌ಲೈನಿನಲ್ಲಿ ಕೊಂಡ, ಅಂಗೈಯಲ್ಲಿ ಅಡಗುವಷ್ಟು ಸಣ್ಣ 'ಪ್ರೊಫೆಷನಲ್' ವಾಯ್ಸ್ ರೆಕಾರ್ಡರ್. ಇಂಥದ್ದೇ ಯಂತ್ರ ಹತ್ತಾರು ಹೆಸರಿನಲ್ಲಿ ಮಾರಾಟವಾಗುತ್ತಿದೆ. ಜನಪದ ದಾಖಲಿಸಲು ಹಳ್ಳಿಗೆ ಹೊರಡುವ ವಿದ್ಯಾರ್ಥಿಗಳು, ಮೇಷ್ಟರುಗಳು ಬೆಲೆ ನೋಡಿ ಮೊದಲು ಕೈ ಹಾಕುವುದು ಇದಕ್ಕೇ.

ದಾಖಲೆಯನ್ನು ಕೆಡಿಸಿದ್ದು ಆಟೊ ಲೆವೆಲ್. ಎಜಿಸಿ, ಎಎಲ್‌ಸಿ ಎಂದು ಬರೆದಿರುವುದೂ ಅದೇ. ಮೀಟಿಂಗಿನಲ್ಲಿ ದೂರ ಕೂತವರ ಮಾತೂ ಹತ್ತಿರದವರ ಮಾತೂ ಒಂದೇ ಮಟ್ಟದಲ್ಲಿ ಕೇಳಲಿ ಎಂದು ಮಾಡಿದ ವ್ಯವಸ್ಥೆ ಅದು. ಜೋರು ಸದ್ದು ಬಂದ ಕೂಡಲೇ ಮಟ್ಟ ಇಳಿಸುತ್ತದೆ, ಸದ್ದು ನಿಂತ ಮೇಲೆ ಮೆಲ್ಲಗೆ ಏರಿಸುತ್ತದೆ. ಮಾತಿಗೆ ಅದು ಸರಿ. ಗಣೆಯ ಉಸಿರು ಮತ್ತು ಉರುಮೆಯ ಪೆಟ್ಟು ಒಂದರ ಬೆನ್ನಿಗೆ ಒಂದು ಬರುವ ಕಡೆ ಅದು ಕಲೆಯನ್ನೇ ಅಳಿಸಿಹಾಕುತ್ತದೆ. ಯಾವ ಕ್ಷಣದಲ್ಲಿ ಎಷ್ಟು ಇಳಿಸಿತು, ಎಷ್ಟು ಏರಿಸಿತು ಎನ್ನುವ ಲೆಕ್ಕ ಫೈಲಿನಲ್ಲಿ ಉಳಿಯುವುದಿಲ್ಲ, ಹಾಗಾಗಿ ಆಮೇಲೆ ಯಾವ ಸಾಫ್ಟ್‌ವೇರೂ ಅದನ್ನು ಪೂರ್ತಿ ಸರಿಪಡಿಸಲಾರದು. ಈ ಅಗ್ಗದ ಯಂತ್ರಗಳಲ್ಲಿ ಬಹಳಷ್ಟಕ್ಕೆ ಅದನ್ನು ಆಫ್ ಮಾಡುವ ದಾರಿಯೇ ಇರುವುದಿಲ್ಲ.

ಇದರ ಮೇಲೆ ಡಬ್ಬಿಯ ಮೇಲೆ ದೊಡ್ಡದಾಗಿ ಹೊಗಳಿಕೊಂಡ 'ನಾಯ್ಸ್ ರಿಡಕ್ಷನ್'. ಗಣೆಯ ನಾದದಲ್ಲಿ ಉಸಿರಿನ ಸುಯಿಲು ದೊಡ್ಡ ಪಾಲು. ಯಂತ್ರಕ್ಕೆ ಅದು ಫ್ಯಾನಿನ ಸದ್ದಿನ ಹಾಗೆ ಕಾಣುತ್ತದೆ, ಕತ್ತರಿಸುತ್ತದೆ. ಉಳಿದಿದ್ದನ್ನು ಕಡಿಮೆ ಬಿಟ್‌ರೇಟಿನ ಎಂಪಿ3 ಹಿಂಡಿಹಾಕುತ್ತದೆ. ಆ ಗುಳುಗುಳು ಹುಟ್ಟುವುದು ಹೀಗೆ.

ಕೊಳ್ಳುವ ಮೊದಲು ಐದು ನಿಮಿಷದ ಪರೀಕ್ಷೆ ಸಾಕು. ಬೆಂಗಳೂರು ದೂರವೇನಲ್ಲ, ಅಂಗಡಿಯಲ್ಲೇ ನಿಂತು ಮಾಡಿ. ರೆಕಾರ್ಡ್ ಒತ್ತಿ, ಮೈಕಿನಿಂದ ಒಂದು ಅಡಿ ದೂರದಲ್ಲಿ ಜೋರಾಗಿ ಚಪ್ಪಾಳೆ ತಟ್ಟಿ, ತಕ್ಷಣವೇ ಒಂದರಿಂದ ಹತ್ತರವರೆಗೆ ಪಿಸುಮಾತಿನಲ್ಲಿ ಒಂದೇ ಸಮನೆ ಎಣಿಸಿ. ಹೆಡ್‌ಫೋನಿನಲ್ಲಿ ಕೇಳುವಾಗ ಎಣಿಕೆ ಮೊದಲು ಸಣ್ಣದಾಗಿದ್ದು ಐದಾರರ ಹೊತ್ತಿಗೆ ದೊಡ್ಡದಾದರೆ ಆಟೊ ಲೆವೆಲ್ ಕೆಲಸ ಮಾಡುತ್ತಿದೆ ಎಂದರ್ಥ. ಮೆನುವಿನಲ್ಲಿ ಅದನ್ನು ಆಫ್ ಮಾಡಿ ಮತ್ತೆ ಪರೀಕ್ಷಿಸಿ. ಆಫ್ ಆಗದಿದ್ದರೆ ಬೇಡ. ಕೈಯಲ್ಲಿ ಏರಿಸಿ ಇಳಿಸುವ ರೆಕಾರ್ಡಿಂಗ್ ಲೆವೆಲ್, ಅದನ್ನು ತೋರಿಸುವ ಮೀಟರ್, ಹೆಡ್‌ಫೋನ್ ತೂತು, ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಮುಟ್ಟಬೇಡಿ. ಮುಂದೆ ಎರಡು ಜಾಲರಿ ಇದ್ದ ಮಾತ್ರಕ್ಕೆ ಸ್ಟೀರಿಯೊ ಅಲ್ಲ. ಆಡಾಸಿಟಿ ಎಂಬ ಉಚಿತ ಧ್ವನಿ ಸಾಫ್ಟ್‌ವೇರಿನಲ್ಲಿ ಎರಡು ಚಾನೆಲ್ ಬಿಡಿಸಿ, ಒಂದನ್ನು ಇನ್ವರ್ಟ್ ಮಾಡಿ, ಎರಡನ್ನೂ ಮೊನೊ ಮಾಡಿ ಕೂಡಿಸಿ. ಪೂರ್ತಿ ಮೌನವಾದರೆ ಒಳಗಿರುವುದು ಒಂದೇ ಮೈಕಿನ ಸದ್ದು.

ಡಬ್ಬಿಯ ಮೇಲಿನ '1536 ಕೆಬಿಪಿಎಸ್' ನೋಡಿ ಮರುಳಾಗಬೇಡಿ. 48 ಕಿಲೋಹರ್ಟ್ಸ್, 16 ಬಿಟ್, ಎರಡು ಚಾನೆಲ್ ಗುಣಿಸಿದರೆ ಬರುವ ಲೆಕ್ಕ ಅದು, ಅಷ್ಟೆ. ಮೈಕಿನ ಗುಣ ಅದರಲ್ಲಿಲ್ಲ.

ಚಿಕ್ಕಬಳ್ಳಾಪುರ ಕಡೆಯ ತಮಟೆಗೆ ಇನ್ನೊಂದು ಎಚ್ಚರ ಬೇಕು. 2023ರಲ್ಲಿ ಪದ್ಮಶ್ರೀ ಪಡೆದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ಸೀಮೆ ಅದು. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿದ ಮೇಲೆ ಚರ್ಮ ಬಿಗಿಯಾಗಿ ಪೆಟ್ಟಿನ ಮೊನೆ ಚೂಪಾಗುತ್ತದೆ. ಕಾಯಿಸುವ ಮೊದಲು ಲೆವೆಲ್ ಇಟ್ಟರೆ ಆಟ ಶುರುವಾದಾಗ ಸದ್ದು ಒಡೆಯುತ್ತದೆ. ಕಾಯಿಸಿದ ತಮಟೆಯನ್ನು ಜೋರಾಗಿ ಬಾರಿಸಲು ಹೇಳಿ, ಮೀಟರಿನ ತುದಿ ಮೈನಸ್ 12 ಡಿಬಿ (ಡೆಸಿಬಲ್) ದಾಟದಂತೆ ಇಡಿ. ಹತ್ತಿರ ನಿಂತರೆ ಮೈಕಿನೊಳಗೆ ಸದ್ದು ಹಿಡಿಯುವ ಭಾಗವಾದ ಕ್ಯಾಪ್ಸೂಲೇ ಸೋಲಬಹುದು. ಉದಾಹರಣೆಗೆ, ಜೂಮ್ ಎಚ್1ಎನ್ ರೆಕಾರ್ಡರಿನ ಮೈಕ್ ತಡೆಯುವ ಸದ್ದಿನ ಗರಿಷ್ಠ ಮಿತಿ 120 ಡಿಬಿ. ಕ್ಯಾಪ್ಸೂಲ್ ಒಡೆದಾಗ ಮೀಟರ್ ಕೆಂಪು ತೋರಿಸದೆಯೂ ಇರಬಹುದು, ಲೆವೆಲ್ ಇಳಿಸಿದರೂ ಒಡಕು ಹೋಗುವುದಿಲ್ಲ. ಆಗ ಇರುವ ದಾರಿ ಹಿಂದೆ ಸರಿಯುವುದೊಂದೇ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು 6 ಡಿಬಿ ಇಳಿಯುತ್ತದೆ, 1 ಮೀಟರಿನಿಂದ 4 ಮೀಟರಿಗೆ ಹೋದರೆ 12 ಡಿಬಿ. ಈಗ ಬರುತ್ತಿರುವ 32 ಬಿಟ್ ಫ್ಲೋಟ್ ಯಂತ್ರಗಳು ಲೆವೆಲ್ ತಪ್ಪಿದರೂ ಕಾಪಾಡುತ್ತವೆ, ಗಣೆ-ಉರುಮೆಯಂಥ ಜೋಡಿಗೆ ನಿಜಕ್ಕೂ ವರದಾನ. ಆದರೂ ಅವುಗಳ ಕ್ಯಾಪ್ಸೂಲಿಗೂ ಇಂಥ ಮಿತಿ ಉಂಟು. ಫ್ಲೋಟ್ ಕೊಳ್ಳಲಾಗದವರು ಟ್ಯಾಸ್ಕಾಮ್ ಡಿಆರ್-40ಎಕ್ಸ್, ಜೂಮ್ ಎಚ್5 ಥರ ಕಡಿಮೆ ಮಟ್ಟದ ಎರಡನೇ ಪ್ರತಿಯನ್ನೂ ಜೊತೆಯಲ್ಲೇ ಬರೆದುಕೊಳ್ಳುವ ಯಂತ್ರ ನೋಡಿ. ಹಳೆಯದು ಸಿಕ್ಕರೂ ಆದೀತು.

ಮೈಕ್‌ಸೆಟ್‌ನವರು 'ಮಿಕ್ಸರಿನಿಂದ ಲೈನ್ ಕೊಡ್ತೀವಿ' ಅಂದರೆ ಹಿಗ್ಗಬೇಡಿ. ಮಿಕ್ಸರಿನಿಂದ ಒಂದು ವೋಲ್ಟಿಗೂ ಹೆಚ್ಚು ಬರಬಹುದು, ರೆಕಾರ್ಡರಿನ ಮೈಕ್ ತೂತು ಕಾಯುವುದು ಕೆಲವೇ ಮಿಲಿವೋಲ್ಟಿಗೆ. ಮೆನುವಿನಲ್ಲಿ 'ಲೈನ್' ಆಯ್ಕೆ ಇರಬೇಕು, ಇಲ್ಲವೇ 40 ಡಿಬಿ ತಗ್ಗಿಸುವ ಅಟೆನ್ಯೂಯೇಟರ್ ಕೇಬಲ್ ಬೇಕು. ಅದೂ ಅಲ್ಲದೆ ಮಿಕ್ಸರಿನಲ್ಲಿ ಬರುವುದು ಮೈಕ್ ಹಿಡಿದವರ ದನಿ ಮಾತ್ರ, ಸುತ್ತಲಿನ ವಾದ್ಯ ಅಲ್ಲ. ಮಿಕ್ಸರಿನ ಲೈನ್, ರೆಕಾರ್ಡರಿನ ಮೈಕ್ ಎರಡನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ತೆಗೆದುಕೊಳ್ಳುವುದೇ ಉತ್ತಮ.

ಆಷಾಢದಲ್ಲಿ ಶಿರಾ, ಪಾವಗಡದ ಬಯಲಿನ ಗಾಳಿಗೆ ಸ್ಪಂಜಿನ ಟೋಪಿ ಸಾಲದು, ಕೂದಲು ಕವಚ ಬೇಕು. ಅದಕ್ಕಿಂತ ಕೆಳಗಿನ ಮಂದ್ರ ಸದ್ದನ್ನು ಕತ್ತರಿಸುವ 80 ಹರ್ಟ್ಸಿನ ಲೋ ಕಟ್ ಹಾಕಿ, ಡೊಳ್ಳಿದ್ದರೆ ಮಾತ್ರ ಬೇಡ.

ಇಡೀ ರಾತ್ರಿಯ ಕೆಲಸಕ್ಕೆ ಕರೆಂಟು, ಕಾರ್ಡು ಎರಡೂ ಕೈಕೊಡುತ್ತವೆ. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೊ ವೇವ್ ಫೈಲಿಗೆ ಗಂಟೆಗೆ ಸುಮಾರು 1 ಜಿಬಿ ಬೇಕು, ಎಂಟು ಗಂಟೆಗೆ 8.3 ಜಿಬಿ. ಬಹಳಷ್ಟು ಯಂತ್ರಗಳು 2 ಅಥವಾ 4 ಜಿಬಿಗೆ ಫೈಲ್ ತುಂಡು ಮಾಡಿ ಮುಂದಿನದನ್ನು ತಾವೇ ಶುರು ಮಾಡುತ್ತವೆ. ಅಗ್ಗದವು ಕೆಲವು ಅಲ್ಲೇ ನಿಂತುಬಿಡುತ್ತವೆ. ಹೊರಡುವ ಹಿಂದಿನ ದಿನ ಮನೆಯಲ್ಲಿ ಮೂರು ಗಂಟೆ ಸುಮ್ಮನೆ ಓಡಿಸಿದರೆ 2 ಜಿಬಿ ಗಡಿಯಲ್ಲಿ ಏನಾಗುತ್ತದೆಂದು ಗೊತ್ತಾಗುತ್ತದೆ. 4 ಜಿಬಿ ಗಡಿ ನೋಡಲು ಐದು ಗಂಟೆ ಬೇಕು. 64 ಜಿಬಿ ಎಂದು ಬರೆದ ನಕಲಿ ಕಾರ್ಡಿನೊಳಗೆ 8 ಜಿಬಿ ಮಾತ್ರ ಇರಬಹುದು, ಮಿಕ್ಕದ್ದನ್ನು ಬರೆದಂತೆ ನಟಿಸುತ್ತದೆ. ವಿಂಡೋಸಿನಲ್ಲಿ ಕಾರ್ಡ್ ಪರೀಕ್ಷಿಸುವ ಎಚ್2ಟೆಸ್ಟ್‌ಡಬ್ಲ್ಯು (H2testw) ಸಾಫ್ಟ್‌ವೇರ್ ಓಡಿಸಿ ಪೂರ್ತಿ ಬರೆಸಿ ಓದಿಸಿ. ಆಮೇಲೆ ಕಾರ್ಡನ್ನು ರೆಕಾರ್ಡರಿನಲ್ಲೇ ಫಾರ್ಮ್ಯಾಟ್ ಮಾಡಿ.

ಪವರ್ ಬ್ಯಾಂಕ್ ನಂಬಿ ಕೂರಬೇಡಿ. ರೆಕಾರ್ಡರ್ ಎಳೆಯುವ ಕರೆಂಟು ತೀರಾ ಕಡಿಮೆ ಇದ್ದರೆ ಹಲವು ಪವರ್ ಬ್ಯಾಂಕುಗಳು ಫೋನ್ ಚಾರ್ಜ್ ಮುಗಿಯಿತೆಂದುಕೊಂಡು ತಾವೇ ಆಫ್ ಆಗುತ್ತವೆ. ಒಳಗೆ ಬ್ಯಾಟರಿ ಇರಲಿ. ರೀಚಾರ್ಜಬಲ್ ನಿಕಲ್ ಸೆಲ್ಲುಗಳಾದರೆ ಮೆನುವಿನಲ್ಲಿ ಬ್ಯಾಟರಿಯ ಬಗೆಯನ್ನು ಬದಲಾಯಿಸಿ, ಇಲ್ಲದಿದ್ದರೆ ಅವುಗಳ 1.2 ವೋಲ್ಟ್ ನೋಡಿ ಚಾರ್ಜ್ ತಪ್ಪಾಗಿ ತೋರಿಸುತ್ತದೆ. ಹಾಡು ನಿಲ್ಲಿಸಿ ವಿಶ್ರಮಿಸುವ ಹೊತ್ತಿನಲ್ಲಿ ಸ್ಟಾಪ್ ಒತ್ತಿ ಹೊಸ ಫೈಲ್ ಶುರು ಮಾಡಿ. ಫೈಲಿನ ಉದ್ದ ಎಷ್ಟೆಂಬುದು ಅದರ ಆರಂಭದಲ್ಲಿರುವ ಮಾಹಿತಿಯಲ್ಲಿ (ಹೆಡರ್) ಸರಿಯಾಗಿ ಕೂರುವುದು ಸ್ಟಾಪ್ ಒತ್ತಿದಾಗ.

ನಡುವೆ ಬ್ಯಾಟರಿ ಸತ್ತು ಫೈಲ್ ತೆರೆಯದಿದ್ದರೆ ಆ ಕಾರ್ಡಿನ ಮೇಲೆ ಇನ್ನೇನನ್ನೂ ಬರೆಯಬೇಡಿ. ಕಂಪ್ಯೂಟರ್ ಫಾರ್ಮ್ಯಾಟ್ ಕೇಳಿದರೂ ಒಪ್ಪಬೇಡಿ. ಫೈಲಿನ ಗಾತ್ರ ಸೊನ್ನೆ ಅಲ್ಲದಿದ್ದರೆ ನಕಲು ಮಾಡಿಕೊಂಡು, ಆಡಾಸಿಟಿಯ ಇಂಪೋರ್ಟಿನಲ್ಲಿ 'ರಾ ಡೇಟಾ' ಆರಿಸಿ, 24 ಬಿಟ್, ಲಿಟಲ್ ಎಂಡಿಯನ್, 2 ಚಾನೆಲ್, 48000 ಕೊಡಿ. ಬರೀ ಕರ್ಕಶ ಸದ್ದು ಬಂದರೆ ಎಲ್ಲಿಂದ ಓದಬೇಕೆಂದು ಹೇಳುವ ಆಫ್‌ಸೆಟ್ಟನ್ನು ಒಂದೊಂದೇ ಬೈಟ್ ಬದಲಿಸಿ ನೋಡಿ, ಸರಿಯಾದ ಜಾಗ ಸಿಕ್ಕಾಗ ದನಿ ತಿಳಿಯಾಗುತ್ತದೆ. ಗಾತ್ರ ಸೊನ್ನೆ ತೋರಿಸಿದರೆ ಮೊದಲು ಫೋಟೊರೆಕ್‌ನಂಥ ಉಚಿತ ಸಾಧನದಿಂದ ಕಾರ್ಡನ್ನು ಜಾಲಾಡಿಸಿ.