ಸಕಲೇಶಪುರ ದಾಟೋಕೆ ಊರೊಳಗಿನ ಹಳೇ ಸೇತುವೆಯೋ, ಬೈಪಾಸ್ ಸೇತುವೆಯೋ?

ಹಾಸನದಿಂದ ಮಂಗಳೂರಿಗೆ ಲೋಡ್ ಹೊತ್ತು ಹೋಗುವ ಪಿಕಪ್‌ಗೆ ಬೈಪಾಸೇ ಸರಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದಿನ ಅರ್ಧ ಬರಹ ಅದೇ ಬೈಪಾಸನ್ನು ಬೈಯುವುದರಲ್ಲಿ ಹೋಗುತ್ತದೆ.

ಹೋಲಿಸಿ ನೋಡಿದ್ದು ಬೊಲೆರೊ ಪಿಕಪ್‌ನಲ್ಲಿ. ಹೋಗುವಾಗ 60 ಕಿಲೋದ ಶುಂಠಿ ಚೀಲ ಇಪ್ಪತ್ತು, ಬರುವಾಗ ಖಾಲಿ. ಲೆಕ್ಕಕ್ಕೆ 1,200 ಕಿಲೋ. ಕಾರಿನವರಿಗೆ ಇಲ್ಲಿನ ಕೆಲವು ಮಾತು ಅತಿ ಅನ್ನಿಸಬಹುದು.

ಹಳೇ ದಾರಿ ಎಲ್ಲರಿಗೂ ಗೊತ್ತಿರುವುದೇ. ಬಿ.ಎಂ. (ಬೆಂಗಳೂರು-ಮಂಗಳೂರು) ರಸ್ತೆ, ಹೇಮಾವತಿ ಸೇತುವೆ, ಸಕಲೇಶ್ವರನ ಗುಡಿ, ಬಸ್ ಸ್ಟ್ಯಾಂಡು, ಎರಡೂ ಬದಿ ನಿಲ್ಲಿಸಿದ ಗಾಡಿಗಳು. ಸೇತುವೆ ಮೇಲೆ ಎದುರುಬದುರು ಒಂದು ಬಸ್ಸು, ಒಂದು ಟ್ಯಾಂಕರ್ ಬಂದರೆ ಸಾಕು, ಹಿಂದಿನವರೆಲ್ಲ ನಿಂತರು. ನಷ್ಟ ಆಗುವುದು ಹೊತ್ತಿಗಿಂತ ಕ್ಲಚ್ಚಿಗೆ. ಲೋಡ್ ಗಾಡಿಯನ್ನು ಏರಿನ ಕ್ಯೂನಲ್ಲಿ ಹಾಫ್ ಕ್ಲಚ್ಚಿನಲ್ಲೇ ಮುಂದೆ ಮುಂದೆ ತಳ್ಳುತ್ತಾ ಹೋದರೆ ಪ್ಲೇಟು ಕಾದು, ಸುಟ್ಟ ವಾಸನೆ ಕ್ಯಾಬಿನ್ನಿಗೆ ಬರುತ್ತದೆ. ಒಮ್ಮೆ ಆ ವಾಸನೆ ಬಂತೆಂದರೆ ಪ್ಲೇಟಿನ ಆಯಸ್ಸು ಅಷ್ಟು ಕಡಿಮೆಯಾಯಿತು ಅಂತಲೇ. ಮುಂದೆ ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗು ಮೂರನ್ನೂ ಒಟ್ಟಿಗೆ ಹಾಕಿಸಬೇಕು, ಒಂದನ್ನೇ ಹಾಕಿಸಿದರೆ ಗೇರ್‌ಬಾಕ್ಸ್ ಮತ್ತೆ ಇಳಿಸುವ ಕೂಲಿ ದಂಡ. ಸಂತೆ ದಿನ, ರಥೋತ್ಸವದ ದಿನ, ರಜೆ ಸಾಲು ಬಂದ ವಾರಾಂತ್ಯ ಈ ದಾರಿಯ ಮಾತೇ ಬೇಡ.

ಬೈಪಾಸಿನಲ್ಲಿ ಇದ್ಯಾವುದೂ ಇಲ್ಲ. ನಾಲ್ಕನೇ ಗೇರಿನಲ್ಲಿ ಹಿಡಿದರೆ ಹೊಳೆ ದಾಟಿ ಆನೆಮಹಲ್ ಕಡೆಯವರೆಗೆ ಗೇರ್ ಬದಲಿಸುವ ಕೆಲಸ ಕಡಿಮೆ. ಡೀಸೆಲ್ ಉಳಿಯುತ್ತದೆ, ಅದಕ್ಕಿಂತ ಹೆಚ್ಚಾಗಿ ಎಡಗಾಲು ಉಳಿಯುತ್ತದೆ. ಶಿರಾಡಿ ಘಾಟಿ ಇನ್ನೂ ಮುಂದಿದೆಯಲ್ಲ!

ಇನ್ನು ತಕರಾರು. ಸೇತುವೆ ಮುಗಿದು ಮಣ್ಣಿನ ಏರಿ ಶುರುವಾಗುವ ಜಾಗದಲ್ಲಿ ಗಾಡಿ ಕುಪ್ಪಳಿಸುತ್ತದೆ. ಟಪ್-ಟಪ್ ಅಂತ ಎರಡು ಸಲ ಸಣ್ಣಗೆ ಕೇಳಿದರೆ ಅದು ಎಕ್ಸ್‌ಪಾನ್ಷನ್ ಜಾಯಿಂಟು, ಮುಂದಿನ ಚಕ್ರಕ್ಕೊಮ್ಮೆ, ಹಿಂದಿನದಕ್ಕೊಮ್ಮೆ. ಬಿಸಿಲಿಗೆ ಸೇತುವೆ ಹಿಗ್ಗಬೇಕು, ಚಳಿಗೆ ಕುಗ್ಗಬೇಕು, ಆ ಸಂದು ಇರಲೇಬೇಕು. ಅದರ ಮೇಲೆ ಸಿಟ್ಟಿಲ್ಲ. ಸಿಟ್ಟು ಅದಾದ ಮೇಲಿನ 'ಧಡ್' ಮೇಲೆ. ಅಲ್ಲಿ ರಸ್ತೆಯೇ ತಗ್ಗಿರುತ್ತದೆ.

ಕಾರಣ ಸರಳ. ಸೇತುವೆಯ ತುದಿಗೋಡೆ ಬಂಡೆಯ ಮೇಲೋ ನೆಲದಾಳಕ್ಕೆ ಇಳಿಸಿದ ಕಂಬದ (ಪೈಲ್) ಮೇಲೋ ಕೂತಿರುತ್ತದೆ, ಅದು ಇಳಿಯುವುದಿಲ್ಲ. ಅದರ ಬೆನ್ನಿಗೆ ತುಂಬಿದ ಮಣ್ಣು ಇಳಿಯುತ್ತದೆ. ಈ ಎರಡರ ನಡುವಿನ ಮೆಟ್ಟಿಲು ಮುಚ್ಚಲೆಂದೇ ಅಪ್ರೋಚ್ ಸ್ಲ್ಯಾಬ್ ಹಾಕುತ್ತಾರೆ, ಕಡಿಮೆಯೆಂದರೆ ಮೂರೂವರೆ ಮೀಟರ್ ಉದ್ದದ ಕಾಂಕ್ರೀಟ್ ಹಲಗೆ. ಒಂದು ತುದಿ ಗೋಡೆಗೆ ಒರಗಿರುತ್ತದೆ, ಇನ್ನೊಂದು ತುಂಬಿದ ಮಣ್ಣಿನ ಮೇಲೆ. ಮಣ್ಣು ಕೂತರೆ ಹಲಗೆಯ ಆ ತುದಿಯೂ ಅದರ ಜೊತೆ ಇಳಿಯುತ್ತದೆ. ಗೋಡೆಯ ಹತ್ತಿರಕ್ಕೆ ದೊಡ್ಡ ರೋಲರ್ ಹೋಗುವುದಿಲ್ಲ. ಅಲ್ಲಿ ಕೈಯಲ್ಲಿ ನಡೆಸುವ ಸಣ್ಣ ಕಾಂಪ್ಯಾಕ್ಟರ್ ಇಟ್ಟುಕೊಂಡು ತೆಳು ತೆಳು ಪದರವಾಗಿ ಗಟ್ಟಿ ಮಾಡಬೇಕು. ಉದ್ಘಾಟನೆಯ ದಿನ ಹತ್ತಿರ ಬಂದರೆ ಪದರ ದಪ್ಪವಾಗುವುದು ಎಲ್ಲ ಕಡೆಯ ಕಥೆ.

ಅದರ ಮೇಲೆ ಮಲೆನಾಡಿನ ಮಳೆ. ಗೋಡೆಯ ಬೆನ್ನಿಗೆ 600 ಮಿಲಿಮೀಟರ್ ದಪ್ಪಕ್ಕೆ ಜಲ್ಲಿಕಲ್ಲಿನ ಸೋಸುಪದರ ಇರಬೇಕು, ಗೋಡೆಯಲ್ಲಿ ನೀರು ಹೊರಬರುವ ತೂತುಗಳು ಇರಬೇಕು. ತೂತು ಕಟ್ಟಿಕೊಂಡರೆ ನೀರು ಒಳಗೇ ನಿಂತು ಮಣ್ಣು ಕೆಸರಾಗುತ್ತದೆ. ಮಳೆ ನಿಂತ ಮರುದಿನ ಸೇತುವೆಯ ಕೆಳಗಿಳಿದು ನೋಡಿ. ತೂತುಗಳಿಂದ ತಿಳಿನೀರು ಜಿನುಗುತ್ತಿದ್ದರೆ ಪರವಾಗಿಲ್ಲ. ಕೆಂಪುನೀರು ಬರುತ್ತಿದ್ದರೆ ಒಳಗಿನ ಮಣ್ಣೇ ಕೊಚ್ಚಿಬರುತ್ತಿದೆ, ಮುಂದಿನ ವರ್ಷ ಮೇಲಿನ ತಗ್ಗು ಇನ್ನಷ್ಟು ಆಳ. ರಸ್ತೆಯ ಮೇಲೂ ಗುರುತಿದೆ: ಜಾಯಿಂಟಿನಿಂದ ಮೂರ್ನಾಲ್ಕು ಹೆಜ್ಜೆ ಆಚೆ ಡಾಂಬರಿನ ಮೇಲೆ ಅಡ್ಡಕ್ಕೆ ನೇರವಾದ ಬಿರುಕು ಕಂಡರೆ ಅದು ಹಲಗೆ ಮುಗಿಯುವ ಜಾಗ, ಎರಡನೇ ಹೊಡೆತ ಅಲ್ಲೇ. ಆ ತಗ್ಗಿಗೆ ಡಾಂಬರು ತುಂಬಿ ಹೋಗುವುದು ಹುಳುಕುಹಲ್ಲಿಗೆ ಲವಂಗ ಇಟ್ಟಂತೆ. ನೀರಿನ ದಾರಿ ಸರಿಮಾಡಿ, ಹಲಗೆಯ ಕೆಳಗಿನ ಪೊಳ್ಳಿಗೆ ಗ್ರೌಟ್ (ತೆಳು ಸಿಮೆಂಟ್ ಗಂಜಿ) ತುಂಬಿಸುವ ತನಕ ಅದು ಮತ್ತೆ ಮತ್ತೆ ಕೂರುತ್ತದೆ.

ಅದು ರಿಪೇರಿ ಆಗುವ ತನಕ ಓಡಿಸುವ ಕ್ರಮ ಹೀಗೆ. ಸೇತುವೆಯ ಮೇಲೆಯೇ ವೇಗ 60ರಿಂದ 40ಕ್ಕೆ ಇಳಿಸಿ. ಆದರೆ ತಗ್ಗಿಗೆ ಚಕ್ರ ಬೀಳುವ ಮೊದಲೇ ಬ್ರೇಕಿನಿಂದ ಕಾಲು ತೆಗೆಯಿರಿ. ಬ್ರೇಕ್ ಒತ್ತಿದಾಗ ಗಾಡಿಯ ಮೂತಿ ತಗ್ಗಿ ಮುಂದಿನ ಸ್ಪ್ರಿಂಗು ಮೊದಲೇ ಕುಗ್ಗಿರುತ್ತದೆ, ಹೊಡೆತ ತಿನ್ನಲು ಅದಕ್ಕೆ ಜಾಗವೇ ಉಳಿದಿರುವುದಿಲ್ಲ. ಚೀಲಗಳ ಭಾರ ಹಿಂದಿನ ಆಕ್ಸಲ್‌ಗಿಂತ ಮುಂದೆ ಇರಲಿ. ಡಾಲಾ ಬಾಗಿಲಿಗೆ (ಹಿಂಬದಿಯ ಬಾಗಿಲಿಗೆ) ತಾಗಿಸಿ ಪೇರಿಸಿದ ಕೊನೇ ಸಾಲೇ ಎಲ್ಲಕ್ಕಿಂತ ಎತ್ತರಕ್ಕೆ ಹಾರುವುದು, ಹಗ್ಗ ಸಡಿಲವಾಗುವುದೂ ಅಲ್ಲೇ. 'ಲೋಡ್ ಇದೆಯಲ್ಲ' ಅಂತ ಟೈರಿಗೆ ಹೇಳಿದ್ದಕ್ಕಿಂತ ಜಾಸ್ತಿ ಗಾಳಿ ಹೊಡೆಸಬೇಡಿ, ಕುಪ್ಪಳಿಕೆ ದುಪ್ಪಟ್ಟಾಗುತ್ತದೆ. ವಾರಕ್ಕೊಮ್ಮೆ ಹಿಂದಿನ ಕಮಾನುಪಟ್ಟಿಯನ್ನು ಆಕ್ಸಲ್‌ಗೆ ಹಿಡಿದಿರುವ ಯು-ಬೋಲ್ಟ್ ಬಿಗಿ ನೋಡಿಸಿ. ಅದು ಸಡಿಲಾದರೆ ಮೊದಲು ತುಂಡಾಗುವುದು ಪಟ್ಟಿಗಳನ್ನು ಒಟ್ಟಿಗೆ ಹಿಡಿದ ಸೆಂಟರ್ ಬೋಲ್ಟು, ಆಮೇಲೆ ಆಕ್ಸಲ್ಲೇ ಜಾಗ ಬಿಡುತ್ತದೆ.

ಬೈಕಿನವರಿಗೆ ಒಂದೇ ಮಾತು: ಒದ್ದೆಯಾದ ಜಾಯಿಂಟಿನ ಕಬ್ಬಿಣದ ಮೇಲೆ ವಾಲಬೇಡಿ, ಬ್ರೇಕ್ ಹಿಡಿಯಬೇಡಿ, ನೇರ ದಾಟಿ.

ಮಳೆಗಾಲದಲ್ಲಿ ಬೈಪಾಸಿಗೆ ಇನ್ನೊಂದು ಅಂಕ ಕಡಿಮೆ. ಗುಡ್ಡ ಸೀಳಿ ಮಾಡಿದ ದಾರಿ. ಸೀಳಿದ ದರೆ ಎಷ್ಟು ನೆಟ್ಟಗಿದೆಯೋ ಅಷ್ಟು ಬೇಗ ಜರಿಯುತ್ತದೆ. 2024ರ ಜುಲೈನಲ್ಲಿ ದೊಡ್ಡತಪ್ಪಲೆಯಲ್ಲಿ ಗುಡ್ಡ ಕುಸಿದು ಶಿರಾಡಿ ಸಂಚಾರವೇ ನಿಂತದ್ದು ನೆನಪಿರಬಹುದು. ಎರಡು ದಿನ ಬಿಡದೆ ಹೊಯ್ದಿದ್ದರೆ ದರೆಯ ಪಕ್ಕದ ಲೇನ್ ಬಿಟ್ಟು ಓಡಿಸಿ, ದರೆಯ ಬುಡದಲ್ಲಿ ನಿಲ್ಲಿಸಿ ಚಹಾ ಫ್ಲಾಸ್ಕ್ ಬಿಚ್ಚಬೇಡಿ.

ರಾತ್ರಿ ಮಂಜು, ಆನೆ. ಆಲೂರು-ಸಕಲೇಶಪುರದ ಮಂದಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಲೋ ಬೀಮ್ ಸಾಕು. ಹೈ ಬೀಮ್ ಹಾಕಿದರೆ ಮಂಜಿನಲ್ಲಿ ಬೆಳ್ಳಗಿನ ಗೋಡೆ ಬಿಟ್ಟು ಬೇರೇನೂ ಕಾಣಿಸುವುದಿಲ್ಲ.

ಹಾಗಾದರೆ ಊರೊಳಗಿನ ದಾರಿ ಯಾವುದಕ್ಕೆ? ಪಂಕ್ಚರ್ ಆದರೆ, ಡೀಸೆಲ್ ಬೇಕಾದರೆ, ಯಾರಿಗಾದರೂ ಮೈ ಸರಿಯಿಲ್ಲದೆ ಕ್ರಾಫರ್ಡ್ ಆಸ್ಪತ್ರೆಗೆ ಹೋಗಬೇಕಾದರೆ. ಖಾಲಿ ಗಾಡಿಯಲ್ಲಿ ಮಧ್ಯಾಹ್ನ ವಾಪಸ್ ಬರುವಾಗಲೂ ಅದೇ ಮೇಲು, ಊಟದ ಹೋಟೆಲ್ ಇರುವುದು ಆ ಕಡೆ. ಖಾಲಿ ಪಿಕಪ್ ಅಂತೂ ಸೇತುವೆ ತುದಿಯ ತಗ್ಗಿನಲ್ಲಿ ಲೋಡಿದ್ದಕ್ಕಿಂತ ಜೋರಾಗಿ ಹಾರುತ್ತದೆ, ಸೊಂಟದ ನೋವಿದ್ದವರು ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬೇಲೂರು, ಮೂಡಿಗೆರೆ ಮೇಲೆ ಚಾರ್ಮಾಡಿ ಇಳಿಯಬಹುದಲ್ಲ ಅಂತ ಕೇಳುವವರಿಗೆ: ಕೊಟ್ಟಿಗೆಹಾರದ ನೀರುದೋಸೆ ಚೆನ್ನಾಗಿದೆ, ಲೋಡ್ ಗಾಡಿಗೆ ಆ ತಿರುವುಗಳು ಚೆನ್ನಾಗಿಲ್ಲ.

ನನ್ನ ಲೆಕ್ಕ ಇಷ್ಟು. ರಾತ್ರಿ ಹಾಸನದಲ್ಲಿ ಲೋಡ್, ಬೆಳಗಿನ ಜಾವ ಮಂಗಳೂರು ಬಂದರಿನಲ್ಲಿ ಅನ್‌ಲೋಡ್. ಕ್ಲಚ್ಚಿಗೆ ದುಡ್ಡು ಸುರಿಯುವ ಬದಲು ಯು-ಬೋಲ್ಟ್ ಬಿಗಿ ಮಾಡಿಸಿಕೊಳ್ಳುವುದು ಅಗ್ಗ, ಹಾಗಾಗಿ ಹೋಗುವಾಗ ಬೈಪಾಸ್. ದಾಟಿದ ಮೇಲೆ, ಘಾಟಿ ಇಳಿಯುವ ಮುಂಚೆ, ಆನೆಮಹಲ್ ಹತ್ತಿರ ಅಗಲ ಜಾಗ ನೋಡಿ ಐದು ನಿಮಿಷ ನಿಲ್ಲಿಸಿ ಹಗ್ಗ ಮತ್ತೊಮ್ಮೆ ಎಳೆದು ಕಟ್ಟಿ. ಕೊನೇ ಸಾಲಿನ ಮೇಲಿನ ಚೀಲ ಒಂದು ಗೇಣಾದರೂ ಹಿಂದಕ್ಕೆ ಸರಿದಿರುತ್ತದೆ.